ಗೋಡೆ ನೋಡಿ ನಗುವ ಮದುಮಗಳು

ಮದುವೆ ಹಂದರಕ್ಕೆ ಗುಲಾಬಿ ಬಣ್ಣದ ಬಟ್ಟೆ ಕಟ್ಟುವುದನ್ನು ಮೊದಲು ಯಾರು ಶುರು ಮಾಡಿದರೋ, ಅವರು ಎದುರಿಗೆ ಸಿಕ್ಕರೆ ನನಗೆ ಒಂದೆರಡು ಮಾತು ಕೇಳುವುದಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಷತೆ. ನೆತ್ತಿಯ ಮೇಲೆ ಬಿಸಿಲು. ಆ ಬಿಸಿಲು ಗುಲಾಬಿ ಬಟ್ಟೆಯೊಳಗಿಂದ ಸೋಸಿ ಇಳಿದರೆ ಮದುಮಗಳು, ಮದುಮಗ, ಅಯ್ಯನವರು, ಕೈಯಲ್ಲಿನ ಅಕ್ಕಿ ಎಲ್ಲವೂ ಗುಲಾಬಿ. ಹಸಿರು ಬಟ್ಟೆಯಿದ್ದರೆ ಇನ್ನೂ ಕಷ್ಟ. ಮದುಮಗಳು ಎಂಟು ದಿನ ಕಾಮಾಲೆ ಬಿದ್ದು ಎದ್ದವಳ ಹಾಗೆ ಕಾಣುತ್ತಾಳೆ. ಆಮೇಲೆ ಆಲ್ಬಮ್ ನೋಡಿದವರು ಹಂದರದವನನ್ನು ಕೇಳುವುದಿಲ್ಲ, ನನ್ನನ್ನು ಕೇಳುತ್ತಾರೆ. "ಏನ್ರಿ ಇದು, ನಮ್ಮ ಹುಡುಗಿ ಹಿಂಗ ಅದಾಳೇನ್ರಿ?"

ನಾನು ಬೆಟಗೇರಿಯಲ್ಲಿ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕು ತಾಲೂಕಿನ ಹಂದರಗಳ ಕೆಳಗೇ ನನ್ನ ಅರ್ಧ ಆಯುಷ್ಯ ಹೋಗಿದೆ. ಬೆಳಕು ಸರಿ ಮಾಡಬೇಕು, ಹಿಂದಿನ ಗೋಡೆ ಸರಿ ಮಾಡಬೇಕು, ಮುಖ ಮುಖದ ಹಾಗೆ ಕಾಣಬೇಕು ಎಂದು ನಾನು ಪಟ್ಟ ಪಾಡು ನನ್ನ ಹೆಂಡತಿಗೊಬ್ಬಳಿಗೆ ಗೊತ್ತು. ಅವಳು ಅದನ್ನು ನೆನೆಸಿಕೊಂಡು ನಗುವುದೇ ಹೆಚ್ಚು.

ಮುಂಡರಗಿಯ ಕಡೆ ಒಂದು ಮದುವೆಗೆ ಬೆಳಕು ಪ್ರತಿಫಲಿಸಲೆಂದು ಬೆಳ್ಳಿ ಬಣ್ಣದ ದೊಡ್ಡ ದುಂಡನೆಯ ಹಾಳೆ ಒಯ್ದಿದ್ದೆ. ನಮ್ಮ ಕಡೆಯ ಗಾಳಿ ಎಂಥದೆಂದು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಒಂದೇ ಬೀಸಿಗೆ ಹಾಳೆ ನನ್ನ ಕೈಬಿಟ್ಟು ಹಾರಿ, ಅಡಿಗೆಯವರ ಸಾರಿನ ಹಂಡೆಯ ಮೇಲೆ ಮುಚ್ಚಳದ ಹಾಗೆ ಹೋಗಿ ಕೂತಿತು. ಶಿರಹಟ್ಟಿಯ ಒಂದು ಮನೆಯವರು ಮದುವೆಗೆಂದು ಪಡಸಾಲೆಗೆ ಗಿಳಿಹಸಿರು ಬಣ್ಣ ಬಳಿಸಿದ್ದರು, ಆ ಗೋಡೆಯ ಬಣ್ಣವೆಲ್ಲ ಹುಡುಗಿಯ ಕೆನ್ನೆಗೆ ಬಂದಿತ್ತು. ಲಕ್ಷ್ಮೇಶ್ವರದ ಮಂಟಪದಲ್ಲಿ ವೇದಿಕೆಯ ದೀಪ ಮಿನಿಟಿಗೊಮ್ಮೆ ಬಣ್ಣ ಬದಲಿಸುತ್ತಿತ್ತು. ದಮ್ಮಯ್ಯ ಅಂತೀನಿ, ಐದು ಮಿನಿಟು ಆರಿಸ್ರಿ ಎಂದರೆ ಆ ಮಂಟಪದವನು, "ಅದಕ್ಕ ರೊಕ್ಕ ಕೊಟ್ಟಾರ್ರೀ ಅವರು" ಎಂದು ನನ್ನನ್ನೇ ಗದರಿಸಿದ. ಆ ಹುಡುಗಿ ಒಂದು ಫೋಟೊದಲ್ಲಿ ನೇರಳೆ, ಇನ್ನೊಂದರಲ್ಲಿ ನೀಲಿ.

ಇದೆಲ್ಲಕ್ಕಿಂತ ನನ್ನನ್ನು ಕಾಡುತ್ತಿದ್ದುದು ಹಿಂದುಗಡೆ. ಮದುಮಗಳು ಎಷ್ಟೇ ಚೆಂದ ನಿಂತಿರಲಿ, ಅವಳ ಕಿವಿಯ ಪಕ್ಕದಲ್ಲಿ ಯಾರೋ ಹಲ್ಲಿಗೆ ಕಡ್ಡಿ ಹಾಕುತ್ತಿರುತ್ತಾರೆ. ತಲೆಯ ಮೇಲೆ ಫ್ಯಾನು ಮೂಡಿರುತ್ತದೆ. ಪ್ಲಾಸ್ಟಿಕ್ ಖುರ್ಚಿಯ ಅಟ್ಟಿ, ನೀರಿನ ಕ್ಯಾನು, ಗಿಳಿಗೂಟಕ್ಕೆ ನೇತುಬಿದ್ದ ಅಂಗಿ, ಗೋಡೆಯ ಮೇಲೆ ವಾರೆಯಾದ ಕ್ಯಾಲೆಂಡರು. ಮೊದಲು ಇವನ್ನೆಲ್ಲ ಕೈಯಿಂದಲೇ ಸರಿಸುತ್ತಿದ್ದೆ. ಸರಿಸಿ ತಿರುಗುವುದರೊಳಗೆ ಯಾರೋ ಬಂದು ಅದೇ ಖುರ್ಚಿಯನ್ನು ಅಲ್ಲಿಯೇ ಎಳೆದುಕೊಂಡು ಕೂತಿರುತ್ತಿದ್ದರು. ಏಳು ಅಂದರೆ ಸಿಟ್ಟು, ಬಿಟ್ಟರೆ ಫೋಟೊ ಹಾಳು. ಮದುವೆ ಮನೆಯಲ್ಲಿ ನನ್ನಷ್ಟು ಬೈಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ.

ಹಾಗಾಗಿ ಕಂಪ್ಯೂಟರಿನಲ್ಲಿ ಅಳಿಸುವ ವಿದ್ಯೆ ಕಲಿತಾಗ ನನಗೆ ಆದ ಆನಂದ ಹೇಳತೀರದು. ಫೋನಿನಲ್ಲಿ ಯಾರ್ಯಾರದೋ ಪಾಠ ನೋಡಿ ನೋಡಿ ಕಲಿತೆ. ಬೇಡದ್ದರ ಮೇಲೆ ಬ್ರಷ್ ಎಳೆದರೆ ಸಾಕು, ಅದು ಮಾಯ. ಪಕ್ಕದ ಗೋಡೆ ತಾನೇ ಹರಿದು ಬಂದು ಆ ಜಾಗವನ್ನು ತುಂಬಿಕೊಳ್ಳುತ್ತದೆ. ಖುರ್ಚಿ ಹೋಯಿತು, ಕ್ಯಾನು ಹೋಯಿತು, ಅಂಗಿ ಹೋಯಿತು. ಹಲ್ಲು ಕಡ್ಡಿಯವನೂ ಹೋದ. ಹೆಂಡತಿಯನ್ನು ಕರೆದು ಮೊದಲಿನದು, ಆಮೇಲಿನದು ಎರಡೂ ತೋರಿಸಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ಎರಡನ್ನೂ ನೋಡಿದಳು.

"ಅಲ್ರೀ, ಖುರ್ಚಿ ತಗದದ್ದು ಖರೆ ಛಲೋ ಆತು. ಅವರ ಸೋದರಮಾವನ್ನೂ ತಗದು ಒಗದೀರಲ್ಲ?"

"ಅವ ಅಡ್ಡ ಬಂದಿದ್ದ."

"ನಿಮಗ ಮಂದಿ ಅಂದ್ರೂ ಕಸಾ, ಕಸಾ ಅಂದ್ರೂ ಕಸಾ" ಎಂದು ಮೊರ ಎತ್ತಿಕೊಂಡು ಹೋದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡೆ.

ಆದರೆ ಅಳಿಸುವ ವಿದ್ಯೆಯಿಂದ ಬಗೆಹರಿಯದ ತೊಂದರೆ ಒಂದಿತ್ತು. ನಮ್ಮ ಕಡೆ ಮದುಮಗಳ ಹಣೆಗೆ ದಂಡಿ ಕಟ್ಟುತ್ತಾರೆ, ಹೂವಿನದೊಂದು ದಪ್ಪ ಪಟ್ಟಿ. ಅದರ ಮೇಲೆ ಬಾಸಿಂಗ. ನೋಡಲು ಚೆಂದ. ಆದರೆ ಬೆಳಕು ಮೇಲಿನಿಂದ ಬಿದ್ದರೆ ದಂಡಿಯ ನೆರಳು ಸೀದಾ ಕಣ್ಣಿನ ಮೇಲೆ. ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಕುಳಿ ಮಾತ್ರ ಕಾಣುತ್ತವೆ. ಫ್ಲ್ಯಾಶ್ ಹೊಡೆದರೆ ಅರಿಷಿಣ, ಬೆವರು ಎರಡೂ ಸೇರಿ ಮುಖ ಎಣ್ಣೆ ಸವರಿದ ಹಂಚಿನ ಹಾಗೆ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ನೆರಳು ಎತ್ತಿದರೆ ಕಣ್ಣು ಬೂದಿ ಬಣ್ಣಕ್ಕೆ ತಿರುಗುತ್ತವೆ, ಅವುಗಳಲ್ಲಿ ಜೀವ ಇರುವುದಿಲ್ಲ. ಎಷ್ಟೋ ಮದುವೆ ಹೀಗೇ ಕೆಡಿಸಿದ ಮೇಲೆ ನನಗೆ ಹೊಳೆದದ್ದು ಬಿಳಿ ಧೋತರ. ನಮ್ಮಪ್ಪನದು, ತೊಳೆದು ತೊಳೆದು ಮೆತ್ತಗಾದದ್ದು. ಯಾರಾದರೂ ಅದನ್ನು ಎರಡೂ ಕೈಯಿಂದ ಅಗಲಿಸಿ, ಮದುಮಗಳ ಎದುರಿಗೆ ಸೊಂಟದ ಮಟ್ಟಕ್ಕೆ ಹಿಡಿದರೆ ಮೇಲಿನ ಬೆಳಕು ಅದಕ್ಕೆ ಬಡಿದು ದಂಡಿಯ ಕೆಳಗಿಂದ ಕಣ್ಣಿಗೆ ಏರುತ್ತದೆ. ಕಣ್ಣಿನೊಳಗೆ ಒಂದು ಬಿಳಿ ಮಿಂಚು ಮೂಡುತ್ತದೆ. ಇಷ್ಟು ಸಣ್ಣ ಸಂಗತಿ ಗೊತ್ತಾಗಲು ನನಗೆ ಹದಿನೆಂಟು ವರ್ಷ ಬೇಕಾಯಿತು.

ಅಸುಂಡಿಯ ಆ ಮದುವೆಗೆ ನಾನು ಹೋದದ್ದು ಈ ಧೋತರದ ಹುಮ್ಮಸ್ಸಿನಲ್ಲಿ. ಎರಡು ವರ್ಷದ ಹಿಂದಿನ ಮಾತು. ಮನೆಯ ಮುಂದೆಯೇ ಹಂದರ, ಅದೂ ಗುಲಾಬಿ. ನನ್ನ ತಲೆ ಅಲ್ಲಿಗೇ ಕೆಟ್ಟಿತು. ಮದುಮಗಳ ದೊಡ್ಡಪ್ಪ, ದೊಡ್ಡವ್ವ ಓಡಾಡಿ ಎಲ್ಲ ನಡೆಸುತ್ತಿದ್ದರು. ಅವರೇ ತಂದೆತಾಯಿ ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಹಳೆಯ ಮಣ್ಣಿನ ಮನೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲುಕೋಲು ಪಡಸಾಲೆಯ ಸುಣ್ಣದ ಗೋಡೆಗೆ ತಾಗಿ ಇಡೀ ಜಾಗವನ್ನು ಬೆಳಗಿಸಿತ್ತು. ಬಣ್ಣವಿಲ್ಲದ, ಅಪ್ಪಟ ಬೆಳಕು. ನನಗೆ ಸ್ವರ್ಗ ಸಿಕ್ಕಂತಾಯಿತು. ದಂಡಿ ಕಟ್ಟಿ ಸಿಂಗಾರವಾಗಿದ್ದ ಮದುಮಗಳನ್ನು ಅಕ್ಷತೆಗೆ ಮೊದಲು ಹತ್ತೇ ಮಿನಿಟು ನನಗೆ ಕೊಡ್ರಿ ಎಂದು ದೊಡ್ಡಪ್ಪನ ಕೈಕಾಲು ಹಿಡಿದು, ಪಡಸಾಲೆಯಲ್ಲಿದ್ದವರನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಮುಂದೆ ಮಾಡಿದೆ.

ತಿರುಗಿ ನೋಡಿದರೆ ಮೂಲೆಯಲ್ಲಿ ಇನ್ನೊಬ್ಬರು ಉಳಿದಿದ್ದರು. ಬೂದುಬಣ್ಣದ ಸೀರೆ, ಹಣೆ ಬರಿದು, ಕೈಯಲ್ಲಿ ಬಳೆಯಿಲ್ಲ. ನೆಲದ ಮೇಲೆ ಕೂತು ಎಲೆ ಅಡಿಕೆ ಜೋಡಿಸುತ್ತಿದ್ದರು.

"ಅಕ್ಕಾರ, ನೀವೂ ಸ್ವಲ್ಪ ಹೊರಗ ಹೋಗ್ರಿ."

"ಆಕಿ ನಮ್ಮವ್ವ ರೀ, ಕಾಕಾ" ಎಂದಳು ಮದುಮಗಳು.

ಬೆಳಗಿನಿಂದ ಅಷ್ಟು ಫೋಟೊ ತೆಗೆದಿದ್ದೆ, ಅರಿಷಿಣ, ಸುರಿಗಿಯ ಸ್ನಾನ, ಆರತಿ. ಒಂದರಲ್ಲೂ ಇವರಿರಲಿಲ್ಲ. ಗಂಡ ತೀರಿದವರು ಶುಭಕಾರ್ಯದಲ್ಲಿ ತಾವಾಗಿಯೇ ಹಿಂದೆ ಸರಿಯುವುದು ನಮ್ಮಲ್ಲಿ ಇವತ್ತಿಗೂ ಇದೆ. ಯಾರೂ ಹಿಂದೆ ತಳ್ಳುವುದಿಲ್ಲ, ಮುಂದೆ ಕರೆಯುವುದೂ ಇಲ್ಲ. ಆದರೆ ನನ್ನ ತಲೆಯಲ್ಲಿ ಆಗ ಬೆಳಕಿನ ಹೊರತು ಬೇರೇನೂ ಇರಲಿಲ್ಲ. ಬಿಸಿಲುಕೋಲು ಸರಿಯುತ್ತಿತ್ತು. ಧೋತರ ಹಿಡಿಯಲು ಒಂದು ಜೋಡಿ ಕೈ ಬೇಕಿತ್ತು.

"ಹಂಗಾರ ಛಲೋ ಆತು. ಅಕ್ಕಾರ, ಇದನ್ನ ಹಿಡೀರಿ. ಮಗಳ ಎದುರಿಗೆ ನಿಂದರ್ರಿ. ಹಾಂ, ಇನ್ನೂ ಸ್ವಲ್ಪ ಕೆಳಗ."

ಅವರು ಧೋತರ ಹಿಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಅಣ್ಣಾರ, ಫೋಟೊದಾಗ ನಾ ಬರಂಗಿಲ್ಲಲ್ಲ?"

"ಇಲ್ರಿ, ಇಲ್ರಿ. ನೀವು ಸುಮ್ನ ಹಿಡೀರಿ."

ಮದುಮಗಳ ಕಣ್ಣಿಗೆ ಬೆಳಕು ಏರಿತು. ಅಷ್ಟು ವರ್ಷದಲ್ಲಿ ನಾನು ಕಾಣದ ಬೆಳಕು ಅದು. ಆದರೆ ಆ ಹುಡುಗಿ ಕ್ಯಾಮೆರಾ ಕಡೆ ನೋಡಲೊಲ್ಲಳು! ಇತ್ತ ನೋಡವಾ, ಲೆನ್ಸ್ ನೋಡವಾ, ಅತ್ಲಾಗೇನೈತಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಅರೆಕ್ಷಣ ನನ್ನ ಕಡೆ ನೋಡುವಳು, ಮರುಕ್ಷಣ ದೃಷ್ಟಿ ಮತ್ತೆ ಎದುರಿಗೆ. ನನಗೆ ರೇಗಿಹೋಗಿತ್ತು. ಇಂಥ ಬೆಳಕು ಸಿಕ್ಕಿದೆ, ಇವಳು ನೋಡಿದರೆ ಹೀಗೆ. ಸಿಟ್ಟಿನಲ್ಲೇ ಹದಿನೈದಿಪ್ಪತ್ತು ಫೋಟೊ ಹೊಡೆದೆ. ಅಷ್ಟರಲ್ಲಿ ದೊಡ್ಡವ್ವ ಬಾಗಿಲು ಬಡಿದರು, "ಲಗೂನ ಬಿಡ್ರೀ, ಅಕ್ಕಿಕಾಳಿನ ಹೊತ್ತಾತು." ಮುತ್ತೈದೆಯರು ನುಗ್ಗಿ ಬಂದು ಹುಡುಗಿಯನ್ನು ಕರೆದುಕೊಂಡು ಹೋದರು. ತಾಯಿ ಧೋತರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿತ್ತು ಹಿತ್ತಲ ಬಾಗಿಲಿನಿಂದ ಹೋದರು. ಆ ದಿನ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ.

ಅಂಗಡಿಗೆ ಬಂದು ನೋಡಿದಾಗ ಒಂದು ಫೋಟೊ ನನ್ನನ್ನು ಹಿಡಿದು ನಿಲ್ಲಿಸಿತು. ಹುಡುಗಿ ಬಲಗಡೆಗೆ ನೋಡುತ್ತಿದ್ದಾಳೆ. ತುಟಿಯಲ್ಲಿ ಆಗತಾನೇ ಮೂಡಿದ ನಗು, ಕಣ್ಣು ತುಂಬ ಬೆಳಕು. ದಂಡಿಯ ಒಂದೊಂದು ಹೂವೂ ಎಣಿಸುವ ಹಾಗಿದೆ. ಕ್ಯಾಮೆರಾ ನೋಡದೆ ಇದ್ದುದೇ ಒಳ್ಳೆಯದಾಗಿತ್ತು. ಆದರೆ ಬಲ ಅಂಚಿನಲ್ಲಿ ಅವಳ ತಾಯಿ ಧೋತರ ಹಿಡಿದು ಪೂರ್ತಿ ಒಳಗೆ ಬಂದಿದ್ದರು. ಅವರನ್ನು ಕತ್ತರಿಸಿದರೆ ಮಗಳ ಸೆರಗೂ ಕತ್ತರಿಸುತ್ತಿತ್ತು. ಬ್ರಷ್ ತೆಗೆದುಕೊಂಡೆ. ಮೊದಲು ಧೋತರ, ಆಮೇಲೆ ಕೈ, ಆಮೇಲೆ ಮುಖ. ಸುಣ್ಣದ ಗೋಡೆಯ ಕಲೆ, ಬಿರುಕು ಎಲ್ಲ ಕೂಡಿ ಬರಬೇಕಲ್ಲ, ಅರ್ಧ ತಾಸು ಹಿಡಿಯಿತು. ಮುಖದ ಜಾಗ ಕಠಿಣವಿತ್ತು. ಹತ್ತಿರಕ್ಕೆ ಎಳೆದು, ಪರದೆಯ ತುಂಬ ಅದೇ ಆಗುವಷ್ಟು ದೊಡ್ಡದು ಮಾಡಿಕೊಂಡು, ಚೂರುಚೂರಾಗಿ ಒರೆಸಿದೆ. ಮುಗಿದಾಗ ಅಲ್ಲೊಬ್ಬರು ನಿಂತಿದ್ದರೆಂದು ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ. ಅವರಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡೆನಲ್ಲ ಎಂದು ಸಮಾಧಾನ ಬೇರೆ.

ಆ ಫೋಟೊವನ್ನು ಬಾಗಿಲಿನಷ್ಟು ಎತ್ತರ ಹಿಗ್ಗಿಸಿ, ಕಟ್ಟು ಹಾಕಿಸಿ, ಅಂಗಡಿಯ ಎದುರು ಗೋಡೆಗೆ ತೂಗುಹಾಕಿದೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಶಿಗ್ಲಿಯಿಂದ ಬಂದ ಒಬ್ಬರು, ನಮ್ಮ ಹುಡುಗಿದೂ ಸೇಮ್ ಹಿಂಗ ಬರಬೇಕ್ರಿ ಎಂದರು. ಅಡರಕಟ್ಟಿಯ ಒಬ್ಬ ಅಜ್ಜಿ ಮಾತ್ರ ಬಹಳ ಹೊತ್ತು ನೋಡಿ ಕೇಳಿದಳು, "ಏನ್ ನೋಡಿ ನಗಾಕತ್ತಾಳಪಾ ಈಕಿ? ಬರೇ ಗ್ವಾಡಿ ಐತಲ್ಲ ಅಲ್ಲೆ."

"ಗಂಡನ ಮನಿ ಕಾಣಾಕತ್ತಿರಬೇಕ್ ಬಿಡಬೇ" ಎಂದು ನಾನು ನಗಿಸಿದೆ. ಆಮೇಲೆ ಯಾರು ಕೇಳಿದರೂ ಅದನ್ನೇ ಹೇಳತೊಡಗಿದೆ. ಎಲ್ಲರೂ ನಗುತ್ತಿದ್ದರು.

ಈ ವರ್ಷ ಒಂದು ಬೆಳಿಗ್ಗೆ ಆ ಹುಡುಗಿಯೇ ಗಂಡನ ಜೊತೆ ಅಂಗಡಿಗೆ ಬಂದಳು. ಏಳು ತಿಂಗಳ ಬಸುರಿ. ತವರುಮನೆಯಲ್ಲಿ ಕುಬಸ ಇಟ್ಟುಕೊಂಡಿದ್ದಾರೆ, ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಅದಕ್ಕೆ ನಾನೇ ಬರಬೇಕು ಎಂದಳು. ನನಗೆ ಹಿಗ್ಗು. ಗಂಡನಿಗೆ ಖುರ್ಚಿ ಹಾಕಿ, ಚಹಾಕ್ಕೆ ಹೇಳಿ, ನಿನ್ನ ಫೋಟೊ ನೋಡವಾ, ಎಷ್ಟು ಮಂದಿ ಕೇಳ್ತಾರ ಇದನ್ನ ಎಂದು ತೋರಿಸಿದೆ. ಅವಳು ನೋಡಿದಳು. ನೋಡುತ್ತಲೇ ಇದ್ದಳು. ಹೊಗಳಿಕೆ ಬರಲಿಲ್ಲ.

"ಕಾಕಾ, ಇದನ್ನ ನಾ ಆಲ್ಬಮ್‌ದಾಗೂ ನೋಡೀನಿ. ಕೇಳಬೇಕು ಕೇಳಬೇಕು ಅಂತಿದ್ದೆ. ಇದರಾಗ ನಮ್ಮವ್ವ ಇದ್ಲಲ್ರೀ, ಎಲ್ಲಿ ಹೋದ್ಲು?"

ನಾನು ಮೊದಲು ಸುಳ್ಳು ಹೇಳಿದೆ. ಅದರಾಗ ಆಕಿ ಬಂದಿರಲಿಲ್ಲವಾ, ಚೌಕಟ್ಟಿನ ಹೊರಗಿದ್ದಳು ಎಂದೆ. ಹುಡುಗಿ ಅಲ್ಲಾಡಲಿಲ್ಲ. ಎತ್ತ ನೋಡಾಕತ್ತೀ ನೋಡು ಎಂದು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆ ದಿನ ನಾನೇ ಅವಳಿಗೆ ತೋರಿಸಿದ್ದೆನಂತೆ. ಅವ್ವ, ತಾನು ಇಬ್ಬರೂ ಇದ್ದರಂತೆ. "ನಾಕನೂರು ಫೋಟೊ ಅದಾವ್ರಿ ಆಲ್ಬಮ್‌ದಾಗ. ನಾ ಒಂದೊಂದ ಹುಡುಕೀನಿ. ಅವ್ವ ಒಂದರಾಗೂ ಇಲ್ಲ. ಇದೊಂದ ಇತ್ತು."

ಗಂಡ ಚಹಾದ ಲೋಟ ಹಿಡಿದು ನೆಲ ನೋಡುತ್ತಿದ್ದ. ನಾನು ಕಂಪ್ಯೂಟರಿನ ಮುಂದೆ ಕೂತು ಹುಡುಕುವ ಹಾಗೆ ಮಾಡಿದೆ. ಮಾಡಿದೆ ಎನ್ನುತ್ತೇನೆ, ಯಾಕೆಂದರೆ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆಲ್ಬಮ್ ಕೊಟ್ಟ ಮೇಲೆ ಮೂಲ ಫೋಟೊಗಳನ್ನು ನಾನು ಉಳಿಸಿಕೊಳ್ಳುವುದಿಲ್ಲ, ತಿದ್ದಿದ್ದನ್ನು ಮಾತ್ರ ಇಡುತ್ತೇನೆ. ಗಿರಾಕಿಗಳಿಗೆ ಕೊಡುವ ಪೆನ್‌ಡ್ರೈವಿನಲ್ಲೂ ತಿದ್ದಿದ್ದೇ. ಖುರ್ಚಿ, ಕ್ಯಾನು ಕಾಣುವ ನನ್ನ ಫೋಟೊ ಊರಲ್ಲಿ ಓಡಾಡಬಾರದು ಎಂಬ ಬಿಂಕ ನನಗೆ. ಹಳೆಯ ಡಿಸ್ಕನ್ನು ಗೆಳೆಯನೊಬ್ಬನ ಹತ್ತಿರ ಒಯ್ದೆ. ಅದರ ಮೇಲೆ ಹತ್ತು ಮದುವೆ ತುಂಬಿಯಾಗಿದೆ, ಏನೂ ಬರುವುದಿಲ್ಲ ಎಂದು ಅವನು ಕೈಚೆಲ್ಲಿದ. ಆದರೆ ಅದು ಆಮೇಲಿನ ಮಾತು. ಆ ಹೊತ್ತು ಹುಡುಗಿ ನನ್ನ ಹಿಂದೆ ನಿಂತಿದ್ದಳು.

"ಇಲ್ಲವಾ" ಎಂದೆ ಕಡೆಗೆ. "ಇತ್ತು. ನಾನ ಅಳಿಸೀನಿ."

ಅವಳು ಮತ್ತೆ ಗೋಡೆಯ ಫೋಟೊದ ಕಡೆ ತಿರುಗಿದಳು. ಅಷ್ಟಕ್ಕೇ ಬಿಡದೆ ನಾನು ಬಾಯಿ ಬಿಟ್ಟೆ, ಬಿಡಬಾರದಿತ್ತು. "ನಿಮ್ಮವ್ವನೇ ಹೇಳಿದ್ಲವಾ, ನಾ ಬರಬಾರದು ಫೋಟೊದಾಗ ಅಂತ."

"ಆಕಿ ಹಂಗ ಅಂತಾಳ್ರಿ ಕಾಕಾ. ಎಲ್ಲಾದಕ್ಕೂ ಹಂಗ ಅಂತಾಳ." ಅವಳ ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀವು ಕೇಳಬೇಕಿತ್ತೇನು? ಅವತ್ತ ಇಡೀ ದಿನದಾಗ ಆಕಿ ನನ್ನ ಎದುರಿಗೆ ನಿಂತದ್ದ ಅಷ್ಟೊತ್ತು."

ಅವರು ಹೋದ ಮೇಲೆ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಆ ತಾಯಿಯ ಮೇಲೆ ಬಂತು, ಯಾಕೆ ಹಾಗೆ ಕೇಳಬೇಕಿತ್ತು. ಊರ ಪದ್ಧತಿಯ ಮೇಲೆ ಬಂತು. ಹುಡುಗಿಯ ಮೇಲೂ ಬಂತು, ಮದುವೆಯ ದಿನವೇ ಅವ್ವನ ಕೈ ಹಿಡಿದು ಎಳೆದುಕೊಂಡು ಬಂದು ನಿಲ್ಲಿಸಿಕೊಳ್ಳಬಾರದಿತ್ತೇ. ಎಲ್ಲರ ಮೇಲೂ ಸುತ್ತಿ ಬಂದು ಆ ಸಿಟ್ಟು ಕಡೆಗೆ ಬ್ರಷ್ ಎಳೆದ ನನ್ನ ಬಲಗೈ ತೋರುಬೆರಳಿನ ಮೇಲೆ ಕೂತಿತು.

ಹೇಗಾದರೂ ಮಾಡಿ ಸರಿಪಡಿಸಬೇಕೆಂದು ಹೊರಟೆ. ಈಗಂತೂ ಇಲ್ಲದ್ದನ್ನು ಹುಟ್ಟಿಸಿಕೊಡುವ ಯಂತ್ರಗಳು ಬಂದಿವೆಯಲ್ಲ. ಫೋಟೊದ ಬಲಗಡೆಗೆ ಗುರುತು ಮಾಡಿ, ಇಲ್ಲಿ ಈ ಹುಡುಗಿಯ ತಾಯಿ, ಕೈಯಲ್ಲಿ ಬಿಳಿ ಬಟ್ಟೆ ಎಂದು ಬರೆದು ಗುಂಡಿ ಒತ್ತಿದೆ. ಅದು ಒಬ್ಬ ಹೆಂಗಸನ್ನು ತಂದು ನಿಲ್ಲಿಸಿತು. ರೇಷ್ಮೆ ಸೀರೆ, ಕೊರಳು ತುಂಬ ಬಂಗಾರ, ಮೊಳಕೈವರೆಗೆ ಬಳೆ, ಹಣೆಯ ಮೇಲೆ ಕಾಸಿನಗಲ ಕುಂಕುಮ. ನನ್ನ ಕಡೆಗೇ ನೋಡಿ ಹಲ್ಲು ಬಿಡುತ್ತಿತ್ತು. ಇನ್ನೊಮ್ಮೆ ಒತ್ತಿದೆ, ಬೇರೆ ಹೆಂಗಸು ಬಂದಳು, ಕುಂಕುಮ ಅದೇ. ಹೆಂಡತಿಗೆ ನಡೆದದ್ದೆಲ್ಲ ಹೇಳಿದ್ದೆ, ಅವಳು ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದಳು.

"ಯಾರ್ರೀ ಈಕಿ?"

"ಹುಡುಗಿ ಅವ್ವ."

"ಆಕೀಗೆ ಕುಂಕುಮ ಹಚ್ಚೇತಲ್ರೀ ಇದು!" ಎಂದವಳು ನಗಲಿಲ್ಲ. "ಬಂದ್ ಮಾಡ್ರಿ. ಹೋಗಿ ಇನ್ನೊಂದ್ ತಗೊಂಡ್ ಬರ್ರಿ" ಎಂದಳು.

ಕುಬಸದ ದಿನ ಅಸುಂಡಿಗೆ ನಾನು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೂತೆ. ದೊಡ್ಡ ದೀಪ, ಬೆಳಕಿನ ಛತ್ರಿ ಯಾವುದನ್ನೂ ಒಯ್ಯಲಿಲ್ಲ. ಕ್ಯಾಮೆರಾ, ಧೋತರ ಎರಡೇ. ಕಾರ್ಯ ನಡೆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಒಬ್ಬೊಬ್ಬರಾಗಿ ಮುತ್ತೈದೆಯರು ಬಂದು ಉಡಿ ತುಂಬಿದರು, ಆರತಿ ಎತ್ತಿದರು. ತಾಯಿ ಎಂದಿನಂತೆ ಅಡಿಗೆಮನೆಯ ಬಾಗಿಲಿನ ಹಿಂದೆ. ನಾನು ನಡುವೆ ನಡುವೆ ಅಲ್ಲಿಗೇ ಹೋಗಿ ನಿಂತೆ.

"ಅಕ್ಕಾರ, ಒಂದ ಫೋಟೊ. ಮಗಳ ಬಾಜೂಕ ಕುಂಡ್ರಿ. ಒಂದ ಮಿನಿಟು."

"ಬ್ಯಾಡ್ರಿ ಅಣ್ಣಾರ. ಒಳ್ಳೆ ದಿನ ಐತಿ."

"ಒಳ್ಳೆ ದಿನ ಐತಿ ಅಂತನ ಕೇಳಾಕತ್ತೀನ್ರೀ."

"ಬ್ಯಾಡ್ರಿ."

ನನಗೆ ಮೈಯೆಲ್ಲ ಉರಿಯಿತು. ನಾನು ಕೂಗಾಡಿದೆ ಎಂದೇ ಹೇಳಬೇಕು. ಯಾವ ಕಾಲದಾಗ ಅದೀರಿ, ನಿಮ್ಮ ಮಗಳು ಬಾಯಿ ಬಿಟ್ಟು ಕೇಳ್ಯಾಳ, ಅದೇನ್ ಹಠ ಅಂತೀನಿ. ದೊಡ್ಡವ್ವ ಕೂಡ ಬಂದು, "ಬಾರವಾ, ಯಾರೇನ್ ಅಂತಾರ" ಎಂದರು. ತಾಯಿ ನನ್ನ ಮಾತೆಲ್ಲ ಮುಗಿಯುವವರೆಗೆ ತಲೆ ತಗ್ಗಿಸಿ ಕೇಳಿ, ಚಹಾ ಕುಡೀರಿ ಅಣ್ಣಾರ ಎಂದು ಕಪ್ಪುಬಸಿ ಮುಂದಿಟ್ಟರು. ಇಪ್ಪತ್ತು ವರ್ಷದಲ್ಲಿ ನಾನು ಎಷ್ಟೋ ಮಂದಿಯನ್ನು ಫೋಟೊದಿಂದ ಹೊರಗೆ ಅಟ್ಟಿದ್ದೇನೆ. ಒಬ್ಬರನ್ನು ಒಳಗೆ ತರುವುದು ನನ್ನ ಕೈಲಾಗಲಿಲ್ಲ.

ಚಹಾ ಕುಡಿದೆ. ಬೆಳಕಿಂಡಿಯ ಬಿಸಿಲುಕೋಲು ಪಡಸಾಲೆಯ ಗೋಡೆಗೆ ಬಂದಿತ್ತು. ಮಗಳನ್ನು ಅವತ್ತಿನ ಜಾಗದಲ್ಲೇ ನಿಲ್ಲಿಸಿದೆ. ಉಡಿ ತುಂಬುವಾಗ ತಲೆಗೆ ಮುಡಿಸಿದ ಹೂವಿನ ದಂಡೆ ಹಣೆಗೆ ಇಳಿದಿತ್ತು, ಕಣ್ಣಿನ ಮೇಲೆ ಅದೇ ನೆರಳು. ಧೋತರ ಬಿಚ್ಚಿ ತಾಯಿಯ ಕಡೆ ಚಾಚಿದೆ. ಫೋಟೊ ಅನ್ನಲಿಲ್ಲ.

"ಅಕ್ಕಾರ, ಹಿಡೀತೀರೇನು?"

ಕೆಲಸವೆಂದರೆ ಅವರು ಬಂದೇಬಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು, ಧೋತರದ ಎರಡೂ ಅಂಚು ಹಿಡಿದು, ಹೇಳಿಸಿಕೊಳ್ಳದೆ ಸೊಂಟದ ಮಟ್ಟಕ್ಕೆ ಅಗಲಿಸಿ ನಿಂತರು. ಅವತ್ತು ಕಲಿತದ್ದನ್ನು ಮರೆತಿರಲಿಲ್ಲ. ನಾನು ಹಿಂದೆ ಹಿಂದೆ ಸರಿದೆ. ಇಬ್ಬರೂ ಪೂರ್ತಿ ಒಳಗೆ ಬರುವವರೆಗೆ, ನನ್ನ ಬೆನ್ನು ಜೋಳದ ಚೀಲಕ್ಕೆ ತಾಗುವವರೆಗೆ ಸರಿದೆ. ಅವರಿಗೆ ಅನುಮಾನ ಬಂತು.

"ಅಣ್ಣಾರ, ನಾ ಬರಂಗಿಲ್ಲಲ್ಲ ಫೋಟೊದಾಗ?"

ಇಲ್ಲ ಎಂದಿದ್ದರೆ ಅವರು ಸುಮ್ಮನೆ ನಿಲ್ಲುತ್ತಿದ್ದರು. ಆ ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮಗಳು ನನ್ನ ಕಡೆ ನೋಡುತ್ತಿದ್ದಳು.

"ಬರ್ತೀರಿ" ಎಂದೆ.

ಧೋತರ ಸಟ್ಟನೆ ಮೇಲೇರಿತು. ಕ್ಯಾಮೆರಾದಲ್ಲಿ ಈಗ ಒಂದು ಬಿಳಿ ಬಟ್ಟೆ, ಅದರ ಅಂಚಿನಲ್ಲಿ ಎಂಟು ಬೆರಳು, ಕೆಳಗೆ ಎರಡು ಪಾದ. ಮುಖ ಇಲ್ಲ. ಮಗಳ ಮುಖದ ಬೆಳಕೂ ಹೋಗಿ ಕಣ್ಣು ಕುಳಿಯಾದವು.

ಆಗ ಮಗಳು ಹೇಳಿದಳು, ದಿನನಿತ್ಯದ ದನಿಯಲ್ಲಿ, ಕೊಡ ಕೆಳಗಿಡು ಎಂದ ಹಾಗೆ. "ಅವ್ವಾ, ಕೆಳಗ ಹಿಡಿ. ನನ್ನ ಮಾರಿಗೆ ಬೆಳಕ ಬರವಲ್ದು."

ಬೆರಳುಗಳು ಅಲ್ಲೇ ಇದ್ದವು, ಒಂದು ಗಳಿಗೆ. ಆಮೇಲೆ ಧೋತರ ಮೆಲ್ಲಗೆ ಇಳಿಯಿತು. ಹಣೆ ಕಂಡಿತು, ಕಣ್ಣು, ಮೂಗು, ಬಾಯಿ. ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಅವರು ನನ್ನ ಕಡೆ ನೋಡಲೇ ಇಲ್ಲ. ಮಗಳ ಮುಖದ ಮೇಲೆ ಬೆಳಕು ಬಿತ್ತೋ ಇಲ್ಲವೋ ಎಂದು ಅದನ್ನೇ ನೋಡುತ್ತಿದ್ದರು, ಹುಬ್ಬು ಗಂಟಿಕ್ಕಿ. ನಾನು ಒತ್ತಿದೆ.

ಆ ಫೋಟೊದಲ್ಲಿ ಹಿಂದುಗಡೆ ಎಲ್ಲವೂ ಇದೆ. ಪ್ಲಾಸ್ಟಿಕ್ ಖುರ್ಚಿ ಇದೆ, ಫೋನು ಚಾರ್ಜಿಗೆ ಹಾಕಿದ ವಾಯರು ಇದೆ, ಗಿಳಿಗೂಟಕ್ಕೆ ಯಾರದೋ ಟವೆಲು ಇದೆ. ಬ್ರಷ್ಷಿನ ಕಡೆ ಕೈ ಎರಡು ಸಲ ಹೋಯಿತು, ಚಟ ಬಿಡಬೇಕಲ್ಲ. ಮುಟ್ಟಲಿಲ್ಲ. ಅಂಗಡಿಯ ಗೋಡೆಯ ಮೇಲಿದ್ದ ದೊಡ್ಡ ಫೋಟೊವನ್ನೂ ಇಳಿಸಿ ಒಳಗೆ ಗೋಡೆಗೆ ಮುಖ ಮಾಡಿ ಇಟ್ಟೆ.

ಕುಬಸದ ಫೋಟೊಗಳನ್ನು ಒಯ್ಯಲು ಹುಡುಗಿ ಬಂದಾಗ ಅದನ್ನು ಮೊದಲು ಅವಳ ಕೈಗೆ ಕೊಟ್ಟೆ. ಶಾಲೆಯ ಹುಡುಗ ಗುರುಗಳ ಮುಂದೆ ಪಾಟಿ ಹಿಡಿದು ನಿಂತ ಹಾಗೆ ನಿಂತಿದ್ದೆ. ಅವಳು ತಾಯಿಯ ಮುಖದ ಮೇಲೆ ಬೆರಳಾಡಿಸಿದಳು. ಛಲೋ ಬಂದೈತ್ರಿ ಎಂದಳು. ಎದೆಗೆ ಒತ್ತಿಕೊಂಡು ಚೀಲದಲ್ಲಿ ಇಟ್ಟುಕೊಂಡಳು. ಬಾಗಿಲವರೆಗೆ ಹೋದವಳು ನಿಂತು, ನನ್ನ ಕಡೆ ತಿರುಗಿದಳು.

"ಕಾಕಾ, ಇದರಾಗ ಅವ್ವ ಸಿಟ್ಟಿಗೆದ್ದಂಗ ಕಾಣ್ತಾಳ. ಅವತ್ತಿನ ಫೋಟೊದಾಗ ಆಕಿ ನಗಾಕತ್ತಿದ್ಲು, ಅಲ್ರೀ? ನೀವು ನೋಡೀರಲ್ಲ."

ನಾನು ನೋಡಿದ್ದೆ. ಪರದೆಯ ತುಂಬ ಅದೊಂದೇ ಮುಖವನ್ನು ಮಾಡಿಕೊಂಡು, ಅರ್ಧ ತಾಸು, ಹಣೆಯಿಂದ ಗದ್ದದವರೆಗೆ ಚೂರುಚೂರಾಗಿ ಒರೆಸುತ್ತ ನೋಡಿದ್ದೆ. ನಗುತ್ತಿದ್ದರೋ ಇಲ್ಲವೋ, ನೆನಪಿಲ್ಲ.